ಬೇಲಿಗೂಟದ ಸಾಕ್ಷಿ

ಒಂದು ಜೀವಿಯ ಸ್ವಾತಂತ್ರ್ಯ ಕಿತ್ಕೊಂಡು, ಆಮೇಲೆ ಅದಕ್ಕೊಂದು ಒಳ್ಳೆ ಮನೆ ಕಟ್ಟಿಕೊಟ್ಟರೆ, ಅದನ್ನ ಪ್ರೀತಿ ಅನ್ನಬೇಕಾ, ಇನ್ನೇನಾದರೂ ಅನ್ನಬೇಕಾ? ಸುಮಾರು ದಿನದಿಂದ ಈ ಪ್ರಶ್ನೆ ತಲೆ ತಿಂತಾ ಇದೆ. ಕಾರಣ ಒಂದು ಹಲ್ಲಿ. ಗೋಡೆ ಮೇಲೆ ಲೊಚಗುಡೋ ಹಲ್ಲಿ ಅಲ್ಲ, ಮೂತಿಯಿಂದ ಬಾಲದ ತುದಿವರೆಗೆ ಐದಡಿ ಬೆಳೆಯೋ ಹಸಿರು ಇಗ್ವಾನಾ.

ಫೋಟೋ ನೋಡಿದ ಕೂಡಲೇ ನಮ್ಮ ಕಡೆಯವರು ‘ಓ, ಉಡ’ ಅಂತಾರೆ. ಉಡ ಬೇರೆ, ಇದು ಬೇರೆ. ಉಡ ಮಾಂಸಾಹಾರಿ, ಹುಳ, ಕಪ್ಪೆ, ಮೊಟ್ಟೆ ಏನು ಸಿಕ್ಕರೂ ಬಿಡಲ್ಲ. ಇಗ್ವಾನಾ ಸೊಪ್ಪು, ಚಿಗುರು, ಹೂವು ತಿಂದು ಬದುಕೋದು. ದಾಸವಾಳ ಅಂದ್ರೆ ಅದಕ್ಕೆ ಪ್ರಾಣ. ವಂಶಾವಳಿ ತೆಗೆದು ನೋಡಿದರೆ ಉಡಕ್ಕಿಂತ, ಬೇಲಿ ಮೇಲೆ ತಲೆ ಆಡಿಸ್ತಾ ಕೂರೋ ನಮ್ಮ ಓತಿಕ್ಯಾತಕ್ಕೇ ಹತ್ತಿರ. ಅದರ ತವರು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕ. ನೀರಿನ ಪಕ್ಕದ ಎತ್ತರದ ಮರಗಳಲ್ಲಿ ವಾಸ. ದೊಡ್ಡ ಗಂಡು ಏಳು ಕೆಜಿ ದಾಟಬಹುದು. ಚೆನ್ನಾಗಿ ನೋಡ್ಕೊಂಡರೆ 15 ವರ್ಷಕ್ಕೂ ಹೆಚ್ಚು ಬದುಕುತ್ತೆ. ಹೋಮ್ ಲೋನ್ ಅವಧಿ ಅಂದ್ಕೊಳ್ಳಿ.

ನಮ್ಮ ಪ್ರಾಜೆಕ್ಟಿನಲ್ಲಿ ಕ್ಲೈಂಟ್ ಕಡೆಯ ಎಂಜಿನಿಯರ್ ಒಬ್ಬರಿದ್ದಾರೆ, ಅಮೆರಿಕದ ದಕ್ಷಿಣ ಫ್ಲೋರಿಡಾದವರು. ನಮಗೆ ಸಂಜೆಯ ಸ್ಟ್ಯಾಂಡಪ್ ಅವರಿಗೆ ಬೆಳಗ್ಗೆ. ಅವರ ಕಿಟಕಿಯಾಚೆ ಹಿತ್ತಲಲ್ಲಿ ಒಂದು ಜಾಲರಿ ಮನೆ ಕಾಣುತ್ತೆ. ಅದರಲ್ಲಿ ಎರಡು ಇಗ್ವಾನಾ, ಒಂದು ಗಂಡು, ಒಂದು ಹೆಣ್ಣು. ಮರಿಗಳಾಗೋದು ಬೇಡ ಅಂತ ನಡುವೆ ಗೋಡೆ. ಈ ಮನುಷ್ಯ ಡಿಸೆಂಬರ್, ಜನವರಿಯಲ್ಲಿ ಊರು ಬಿಟ್ಟು ಎಲ್ಲೂ ಹೋಗಲ್ಲ. ಟೀಮಿನವರೆಲ್ಲ ರಜೆ ಹಾಕಿದಾಗ ಇವರೊಬ್ಬರೇ ಆನ್‌ಲೈನ್. ಯಾಕೆ ಅಂತ ಒಮ್ಮೆ ಕೇಳಿದೆ. ಉತ್ತರವಾಗಿ ಆ ಜಾಲರಿ ಮನೆಯ ಪ್ಲ್ಯಾನ್ ಕಳಿಸಿದರು. ಡಿಸೈನ್ ಡಾಕ್ಯುಮೆಂಟ್ ಓದೋ ಹಾಗೆ ಕೂತು ಓದಿದೆ.

ಹನ್ನೆರಡು ಅಡಿ ಉದ್ದ, ಎಂಟು ಅಡಿ ಎತ್ತರ. ಇದು ಮರದ ಮೇಲಿನ ಪ್ರಾಣಿ, ತಗ್ಗಿನಲ್ಲಿದ್ದರೆ ಅದಕ್ಕೆ ಭಯ. ಹಾಗಾಗಿ ಎತ್ತರಕ್ಕೆ ಮೊದಲ ಆದ್ಯತೆ. ಮರದ ಚೌಕಟ್ಟು, ಅದಕ್ಕೆ ಪ್ಲಾಸ್ಟಿಕ್ ಲೇಪನ ಇರೋ ತಂತಿ ಜಾಲರಿ, ಉಗುರು ಮತ್ತು ಮೂತಿಗೆ ಗಾಯ ಆಗದಿರಲಿ ಅಂತ. ಜಾಲರಿ ನೆಲದೊಳಗೂ ಇಳಿದಿದೆ. ಒಳಗಿರೋದು ತೋಡಿ ಹೊರಗೆ ಹೋಗಬಾರದು, ಹೊರಗಿನ ಇಲಿ, ರಕೂನ್ ತೋಡಿ ಒಳಗೆ ಬರಬಾರದು. ಬಾಗಿಲು ಒಂದರ ಹಿಂದೊಂದು ಎರಡು. ಒಂದನ್ನ ಹಾಕಿದ ಮೇಲೇ ಇನ್ನೊಂದನ್ನ ತೆಗೆಯೋದು. ಚಾವಣಿ ಅರ್ಧ ಜಾಲರಿ, ಅರ್ಧ ಗಟ್ಟಿ ಶೀಟು, ಬಿಸಿಲೂ ಬೇಕು ನೆರಳೂ ಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಅದಕ್ಕೆ ಚೌಕಟ್ಟನ್ನ ಕಾಂಕ್ರೀಟಿಗೆ ಬಿಗಿದಿದ್ದಾರೆ. ಹೆಣ್ಣಿನ ಕಡೆ ಒದ್ದೆ ಮಣ್ಣು, ಮರಳು ತುಂಬಿದ ಒಂದು ಆಳದ ತೊಟ್ಟಿ. ಗಂಡಿನ ಸಂಗ ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಕಟ್ಟುತ್ತೆ. ತೋಡೋಕೆ ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಜೀವಕ್ಕೇ ಕುತ್ತು. ಇನ್ನು ಒಂದು ಮೂಲೆಯಲ್ಲಿ, ಚಾವಣಿಯ ಹತ್ತಿರ, ಒಂದು ಮುಚ್ಚಿದ ಪೆಟ್ಟಿಗೆ. ರಾತ್ರಿ ಮಲಗೋಕೆ.

ಜನವರಿಯ ರಜೆಯ ಕಥೆ ಇರೋದು ಈ ಪೆಟ್ಟಿಗೆಯಲ್ಲಿ. ನಮ್ಮ ಹಾಗೆ ಇಗ್ವಾನಾ ತನ್ನ ಮೈಯ ಶಾಖವನ್ನ ತಾನೇ ಹುಟ್ಟಿಸಿಕೊಳ್ಳೋಕೆ ಆಗಲ್ಲ, ಹೊರಗಿಂದ ಪಡೀಬೇಕು. ಅದು ತಿಂದ ಸೊಪ್ಪನ್ನ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಬೇಕು, ಮೈ ಬೆಚ್ಚಗಿಲ್ಲದಿದ್ದರೆ ಆ ಕೆಲಸ ನಿಲ್ಲುತ್ತೆ. ಬಿಸಿಲು ಕಾಯೋ ಜಾಗ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಅದಕ್ಕೆ ಹಿತ. ರಾತ್ರಿಯ ಚಳಿ ನಾಲ್ಕೈದು ಡಿಗ್ರಿಗೆ ಇಳಿದರೆ ಮರದ ಮೇಲೆ ಮಲಗಿದ್ದ ಇಗ್ವಾನಾ ಮರಗಟ್ಟಿ, ಮಾಗಿದ ಹಲಸಿನ ಹಾಗೆ ಕೆಳಗೆ ಬೀಳುತ್ತೆ. 2020ರ ಜನವರಿ 21ರಂದು ಮಯಾಮಿಯ ಹವಾಮಾನ ಕಚೇರಿ, ಇಗ್ವಾನಾಗಳು ಮರದಿಂದ ಬಿದ್ದರೆ ಗಾಬರಿ ಆಗಬೇಡಿ, ಅವು ಸತ್ತಿರಲ್ಲ ಅಂತ ಜನರಿಗೆ ತಿಳಿಸಿತ್ತು. ಸೋಷಿಯಲ್ ಮೀಡಿಯಾ ತುಂಬ ಅದೇ ಜೋಕು. ಆದರೆ ಚಳಿ ಒಂದೇ ರಾತ್ರಿಗೆ ಮುಗಿಯದೆ ದಿನಗಟ್ಟಲೆ ಉಳಿದರೆ ಬಿದ್ದವು ಮತ್ತೆ ಏಳಲ್ಲ. 2010ರ ಜನವರಿಯಲ್ಲಿ ಹಾಗೆ ಸತ್ತವು ಲೆಕ್ಕವಿಲ್ಲದಷ್ಟು.

ಆ ಪೆಟ್ಟಿಗೆಯ ಗೋಡೆ ಪ್ಲೈವುಡ್, ನಡುವೆ ಶಾಖ ತಡೆಯೋ ಫೋಮ್ ಹಾಳೆ, ಪರಚಿ ತಿನ್ನದಿರಲಿ ಅಂತ ಅದರ ಮೇಲೆ ಮತ್ತೆ ಹಲಗೆ. ಒಳಗೆ ಬಿಸಿ ಸೂಸೋ ಪ್ಯಾನೆಲ್, ಮೈ ತಾಗಿ ಸುಡದ ಹಾಗೆ ಅದಕ್ಕೊಂದು ತಡೆ. ಥರ್ಮೋಸ್ಟ್ಯಾಟ್ ಎರಡು, ಒಂದು ಕೈಕೊಟ್ಟರೆ ಇನ್ನೊಂದು. ಉಷ್ಣತೆ ಇಳಿದರೆ ಅವರ ಫೋನಿಗೆ ಅಲಾರಂ. ಕರೆಂಟು ಹೋದರೆ ಜನರೇಟರ್. ಇಷ್ಟೆಲ್ಲ ಎಷ್ಟು ದಿನಕ್ಕೆ? ದಕ್ಷಿಣ ಫ್ಲೋರಿಡಾದಲ್ಲಿ ನಿಜವಾಗಿ ಅಪಾಯದ ರಾತ್ರಿಗಳು ವರ್ಷಕ್ಕೆ ಬೆರಳೆಣಿಕೆ. ಉಳಿದ ದಿನಗಳಲ್ಲಿ ಜಾಲರಿ, ಒಂದು ಮರದ ಕೊಂಬೆ, ಬುಟ್ಟಿ ಸೊಪ್ಪು ಇದ್ದರೆ ನಡೆದುಹೋಗುತ್ತೆ. ನಮ್ಮ ಕೆಲಸದಲ್ಲಿ 99 ಪರ್ಸೆಂಟ್ ಅಪ್‌ಟೈಮ್ ಅಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ ಡೌನ್. ಆ ಮೂರೂವರೆ ದಿನ ಈ ಚಳಿ ರಾತ್ರಿಗಳೇ ಆಗಿಬಿಟ್ಟರೆ ಮಿಕ್ಕ 99 ಪರ್ಸೆಂಟನ್ನ ಯಾರ ಮುಂದೆ ತೋರಿಸೋದು? ವರ್ಷಪೂರ್ತಿ ಹೊರಗಿಡುವ ಮನೆ ಅನ್ನೋದರಲ್ಲಿ ‘ವರ್ಷಪೂರ್ತಿ’ ಅನ್ನೋ ಪದಕ್ಕೆ ಇಷ್ಟು ಭಾರ ಇದೆ.

ಪ್ಲ್ಯಾನನ್ನ ಎರಡನೇ ಸಲ ಓದಿದಾಗ ಬೇರೊಂದು ವಿಷಯ ಕಾಣ್ತು. ಅಲ್ಲಿರೋ ಪ್ರತಿಯೊಂದು ವಸ್ತುವೂ ಆ ಪ್ರಾಣಿ ತಾನೇ ಮಾಡ್ಕೋತಿದ್ದ ಒಂದೊಂದು ಕೆಲಸದ ಬದಲಿಗೆ ಬಂದಿದೆ. ಬಿಸಿ ಬೇಕಾದಾಗ ಅದು ಮೇಲಿನ ಕೊಂಬೆಗೆ ಹೋಗ್ತಿತ್ತು, ಈಗ ಅದಕ್ಕೆ ಅರ್ಧ ಜಾಲರಿ ಚಾವಣಿ. ಮೊಟ್ಟೆ ಇಡೋಕೆ ಬೇಕಾದ ಮಣ್ಣು ಹುಡುಕಿ ದೂರ ನಡೀತಿತ್ತು, ಈಗ ಅದಕ್ಕೊಂದು ತೊಟ್ಟಿ. ಶತ್ರು ಬಂದರೆ ದೊಪ್ಪನೆ ನೀರಿಗೆ ಹಾರಿ ಈಜಿ ಹೋಗ್ತಿತ್ತು, ಈಗ ಹೂತಿಟ್ಟ ಜಾಲರಿ. ಅದು ಹುಟ್ಟಿ ಬೆಳೆದ ಕಾಡಿನಲ್ಲಿ ನಾಲ್ಕು ಡಿಗ್ರಿ ಚಳಿಯೇ ಇರಲಿಲ್ಲ. ಅಷ್ಟು ಉತ್ತರಕ್ಕೆ ಕರ್ಕೊಂಡು ಬಂದಿದ್ದು ನಾವು, ಹಾಗಾಗಿ ಹೀಟರ್. ಆ ಪಟ್ಟಿಯನ್ನ ಉಡುಗೊರೆಗಳ ಪಟ್ಟಿ ಅಂತ ಓದೋಕೆ ನನ್ನಿಂದ ಆಗಲಿಲ್ಲ. ತೆಗೆದುಕೊಂಡಿದ್ದನ್ನ ಕಂತಿನಲ್ಲಿ ವಾಪಸ್ ಕಟ್ಟೋ ಲೆಕ್ಕದ ಹಾಳೆ ಅದು. ಇಎಂಐ ಕಟ್ಟೋವಾಗ ನಾವ್ಯಾರೂ ಬ್ಯಾಂಕಿಗೆ ದಾನ ಮಾಡಿದೆ ಅಂದ್ಕೊಳ್ಳಲ್ಲ ಅಲ್ವಾ.

ಕ್ಲೇರ್ ಪಾಮರ್ ಅನ್ನೋ ತತ್ತ್ವಜ್ಞಾನಿ 2010ರಲ್ಲಿ ತಂದ ಪುಸ್ತಕದಲ್ಲಿ ಹೆಚ್ಚುಕಮ್ಮಿ ಇಂಥದೇ ವಾದ ಮಾಡ್ತಾರೆ. ಕಾಡಿನ ಜಿಂಕೆ ಚಳಿಗೆ ನಡುಗಿದರೆ ಕಂಬಳಿ ಹೊದಿಸೋ ಕರ್ತವ್ಯ ನಮಗಿಲ್ಲದಿರಬಹುದು. ಆದರೆ ಒಂದು ಪ್ರಾಣಿಯನ್ನ ನಮ್ಮ ಮೇಲೆ ಅವಲಂಬಿಸೋ ಹಾಗೆ ಮಾಡಿದ್ದು ನಾವೇ ಆಗಿದ್ದರೆ, ಅದರ ಹೊಣೆ ನಮ್ಮದು. ಕರ್ತವ್ಯ ಹುಟ್ಟೋದು ಪ್ರಾಣಿ ಎಷ್ಟು ಮುದ್ದಾಗಿದೆ, ಎಷ್ಟು ಬುದ್ಧಿವಂತ ಅನ್ನೋದರಿಂದಲ್ಲ, ನಾವು ಅದಕ್ಕೆ ಏನು ಮಾಡಿದೀವಿ ಅನ್ನೋದರಿಂದ. ನನಗೆ ಇದು ಸರಿ ಅನ್ಸುತ್ತೆ. ಇಗ್ವಾನಾಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತೆ, ಯಾಕಂದರೆ ಅದು ಬಾಲ ಅಲ್ಲಾಡಿಸಿ ನಮ್ಮ ಮನಸ್ಸು ಕರಗಿಸೋ ಪ್ರಾಣಿ ಅಲ್ಲ. ಸಿಟ್ಟು ಬಂದರೆ ಅದೇ ಬಾಲದಿಂದ ಬಾರುಕೋಲಿನ ಹಾಗೆ ಬಾರಿಸುತ್ತೆ.

ಇಲ್ಲಿ ಒಂದು ಮಾತು ಸಾಮಾನ್ಯವಾಗಿ ಬರುತ್ತೆ: ‘ನಮ್ಮದು ತುಂಬಾ ಖುಷಿಯಾಗಿದೆ, ಇಡೀ ದಿನ ಹಾಯಾಗಿ ಮಲಗಿರುತ್ತೆ.’ ನಮ್ಮಲ್ಲಿ ಗಾದೆ ಇದೆಯಲ್ಲ, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ. ತನ್ನ ಪರವಾಗೇ ನಿಲ್ಲೋದನ್ನ ಸಾಕ್ಷಿಗೆ ಕರೆಯೋರನ್ನ ಗೇಲಿ ಮಾಡೋ ಗಾದೆ. ಓತಿಕ್ಯಾತದ ಈ ದೊಡ್ಡ ನೆಂಟನ ವಿಷಯದಲ್ಲಿ ಮಾತ್ರ ಗಾದೆ ತಿರುಗುಮುರುಗಾಗುತ್ತೆ. ಇಲ್ಲಿ ಹಲ್ಲಿ ಏನೂ ಹೇಳಲ್ಲ. ಬೇಲಿ ಹಾಕಿದವನೇ ಎದ್ದು ನಿಂತು, ಒಳಗಿರೋದು ಸುಖವಾಗಿದೆ ಅಂತ ಪ್ರಮಾಣ ಮಾಡ್ತಾನೆ. ಅದರಲ್ಲೂ ಸರೀಸೃಪಗಳ ನಿಶ್ಚಲತೆ ನಮ್ಮನ್ನ ಸುಲಭವಾಗಿ ಮೋಸ ಮಾಡುತ್ತೆ. ಚಳಿಗೆ ಜಡ್ಡುಗಟ್ಟಿದ್ದೂ, ಭಯಕ್ಕೆ ಮರಗಟ್ಟಿದ್ದೂ, ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾಗಿ ಏಳೋಕಾಗದೆ ಬಿದ್ದಿರೋದೂ ದೂರದಿಂದ ನೋಡೋರಿಗೆ ‘ಹಾಯಾಗಿ ಮಲಗಿರೋದು’.

ಹಾಗಾದರೆ ಯಾರನ್ನ ಕೇಳೋದು? ಅದರ ಮೈಯನ್ನೇ ಕೇಳಬೇಕು. ಜಾಲರಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡ್ಕೊಂಡಿದ್ದರೆ ಜಾಗ ಸಾಲದು ಅಂತಲೋ, ಕಣ್ಣೆದುರು ಏನೋ ಅದನ್ನ ಕೆಣಕ್ತಿದೆ ಅಂತಲೋ ಅರ್ಥ. ಬಣ್ಣ ಕಪ್ಪಿಟ್ಟಿದ್ದರೆ ಚಳಿ ಅಥವಾ ಒತ್ತಡ. ತೂಕ, ಹಿಕ್ಕೆ, ಊಟ, ಹಿಂಗಾಲಿನ ಬಲ, ಎಲ್ಲ ದಾಖಲೆಗಳೇ. ಅದಕ್ಕೆ ಮನಸ್ಸು ಅನ್ನೋದೆಲ್ಲಿ, ಬರೀ ಹಲ್ಲಿ ಅಲ್ವಾ ಅನ್ನೋರೂ ಇದ್ದಾರೆ. 1998ರಲ್ಲಿ ಬಾಲಾಸ್ಕೋ ಮತ್ತು ಮಿಷೆಲ್ ಕಬಾನಾಕ್ ಅನ್ನೋ ವಿಜ್ಞಾನಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎಳೆಯ ಇಗ್ವಾನಾಗಳಿಗೆ ಬೆಚ್ಚಗಿನ ಜಾಗದಲ್ಲಿ ಮಾಮೂಲಿ ಆಹಾರ ಇಟ್ಟು, ಚಳಿ ಇರೋ ಮೂಲೆಯಲ್ಲಿ ಅವಕ್ಕೆ ಇಷ್ಟವಾದ ಲೆಟ್ಯೂಸ್ ಎಲೆ ಇಟ್ಟರು. ರುಚಿಗಾಗಿ ಅವು ಚಳಿಗೆ ಹೋಗಿಬರ್ತಿದ್ದವು. ಚಳಿ ಹೆಚ್ಚಿಸಿದ ಹಾಗೆಲ್ಲ ಹೋಗೋದು ಕಮ್ಮಿಯಾಯ್ತು. ಅಂದರೆ ಹಿತವನ್ನೂ ರುಚಿಯನ್ನೂ ತೂಗಿ ನೋಡೋ ತಕ್ಕಡಿ ಅದರೊಳಗೆ ಇದೆ. ಸುಖದುಃಖದ ಬಗ್ಗೆ ಇದಕ್ಕಿಂತ ದೊಡ್ಡ ಮಾತು ನಾನು ಹೇಳಲ್ಲ. ಆದರೆ ತಕ್ಕಡಿ ಇರೋ ಜೀವಿಗೆ ತೂಗೋಕೆ ಏನೂ ಕೊಡದೆ ಒಂದೇ ಉಷ್ಣತೆಯ, ಒಂದೇ ಕೊಂಬೆಯ ಡಬ್ಬಿಯಲ್ಲಿ ಇಡೋದು ತಪ್ಪು ಅನ್ನೋಕೆ ಇಷ್ಟು ಸಾಕು. ಒಳ್ಳೆಯ ಆವರಣ ಅಂದರೆ ಆಯ್ಕೆಗಳಿರೋ ಆವರಣ: ಬಿಸಿಲು ಅಥವಾ ನೆರಳು, ಮೇಲೆ ಅಥವಾ ಕೆಳಗೆ, ಕಾಣಿಸ್ಕೊಳ್ಳೋದು ಅಥವಾ ಬಚ್ಚಿಟ್ಕೊಳ್ಳೋದು.

ಹಾಗಿದ್ದರೆ ಬಾಗಿಲು ತೆಗೆದು ಬಿಟ್ಟುಬಿಡಬಹುದಲ್ಲ ಅಂತ ನೀವು ಕೇಳಬಹುದು. ಫ್ಲೋರಿಡಾದ ಜನ ಅದನ್ನೂ ಮಾಡಿ ನೋಡಿದ್ದಾರೆ. 1960ರ ದಶಕದಲ್ಲೇ ಮಯಾಮಿಯ ಸುತ್ತ ಇಗ್ವಾನಾಗಳು ಕಾಣಿಸಿಕೊಂಡವು. 1990ರ ದಶಕದಲ್ಲಿ ಅಮೆರಿಕಕ್ಕೆ ಲಕ್ಷಗಟ್ಟಲೆ ಮರಿಗಳು ಆಮದಾದವು. ಅಂಗೈಯಲ್ಲಿ ಹಿಡಿಯೋವಷ್ಟು ಚಿಕ್ಕ ಹಸಿರು ಮರಿ, ಬೆಲೆಯೂ ಕಮ್ಮಿ. ಡೆಮೊ ನೋಡಿ ಸಾಫ್ಟ್‌ವೇರ್ ಕೊಂಡ ಹಾಗೆ ಜನ ಕೊಂಡರು. ಕೆಲವೇ ವರ್ಷದಲ್ಲಿ ಅದು ಸೋಫಾ ಉದ್ದ ಬೆಳೀತು. ಕೆಲವು ತಪ್ಪಿಸಿಕೊಂಡವು, ಕೆಲವನ್ನ ‘ಪಾಪ, ಸ್ವತಂತ್ರವಾಗಿರಲಿ’ ಅಂತ ಕಾಲುವೆ ಪಕ್ಕ ಬಿಟ್ಟುಬಂದರು. ಈಗ ಅವು ಅಲ್ಲಿ ಕಾಲುವೆಯ ದಂಡೆ, ತಡೆಗೋಡೆಗಳ ಬುಡ ಕೊರೀತವೆ. ನಾವು ಊರಲ್ಲಿ ಗಜ್ಜುಗ ಆಡ್ತಿದ್ವಲ್ಲ, ಆ ಗಿಡ ಅಲ್ಲಿನ ಕರಾವಳಿಯಲ್ಲೂ ಇದೆ. ಅಳಿವಿನಂಚಿನಲ್ಲಿರೋ ಮಯಾಮಿ ಬ್ಲೂ ಅನ್ನೋ ಪುಟ್ಟ ಚಿಟ್ಟೆ ಮೊಟ್ಟೆ ಇಡೋ ಗಿಡಗಳಲ್ಲಿ ಅದೂ ಒಂದು. ಇಗ್ವಾನಾ ಅದನ್ನೂ ಮೇಯುತ್ತೆ.

2021ರ ಏಪ್ರಿಲ್ ಕೊನೆಯಲ್ಲಿ ಫ್ಲೋರಿಡಾದ ವನ್ಯಜೀವಿ ಆಯೋಗ ಹಸಿರು ಇಗ್ವಾನಾವನ್ನ ನಿಷೇಧಿತ ಪ್ರಾಣಿಗಳ ಪಟ್ಟಿಗೆ ಸೇರಿಸ್ತು. ಮೊದಲೇ ಸಾಕಿದ್ದವರು ಅದಕ್ಕೆ ಮೈಕ್ರೋಚಿಪ್ ಹಾಕಿಸಿ, ಪರ್ಮಿಟ್ ಪಡೆದು, ಅದು ಬದುಕಿರೋವರೆಗೆ ಇಟ್ಕೊಳ್ಳಬಹುದು. ಸತ್ತ ಮೇಲೆ ಇನ್ನೊಂದು ತರೋ ಹಾಗಿಲ್ಲ. ಹೊರಗೆ ಕಾಡುಪಾಲಾಗಿರೋ ಇಗ್ವಾನಾವನ್ನ ಖಾಸಗಿ ಜಾಗದಲ್ಲಿ, ಮಾಲೀಕರ ಒಪ್ಪಿಗೆ ಇದ್ದರೆ, ವರ್ಷದ ಯಾವ ದಿನ ಬೇಕಾದರೂ ಕೊಲ್ಲಬಹುದು. ಹಿಂಸೆ ಕೊಟ್ಟು ಕೊಲ್ಲಬಾರದು ಅಷ್ಟೇ. ನಮ್ಮ ಸಹೋದ್ಯೋಗಿಯ ಜಾಲರಿಯ ಒಳಗೆ ಚಿಪ್ಪು, ಹೀಟರು, ಜನರೇಟರು. ಒಂದು ಗೇಣು ಆಚೆ, ಬೇಲಿಯ ಮೇಲೆ ಬಿಸಿಲು ಕಾಯ್ತಿರೋ ಅದೇ ಜಾತಿಯ ಪ್ರಾಣಿಗೆ ಗುಂಡು. ಎರಡೂ ಅಲ್ಲಿಗೆ ಬಂದಿದ್ದು ಮನುಷ್ಯನ ಆಸೆಯಿಂದಲೇ. ಇದು ನ್ಯಾಯವಾ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಹೊರಗಿನದು ಈಗ ಯಾರ ಮೇಲೂ ಅವಲಂಬಿಸಿಲ್ಲ, ಒಳಗಿನದು ಪೂರ್ತಿ ಅವಲಂಬಿಸಿದೆ, ಆದ್ದರಿಂದ ಕರ್ತವ್ಯ ಬೇರೆ ಅನ್ನಬಹುದು. ಚಿಟ್ಟೆಗೂ ನಾವು ಋಣಿಗಳು ಅನ್ನಬಹುದು. ಆದರೆ ಹೊರಗೆ ಸಾಯೋ ಪ್ರತಿಯೊಂದರ ಹಿಂದೆ, ಎಷ್ಟೋ ವರ್ಷದ ಹಿಂದೆ ಮರಿ ಕೊಂಡು ಸಾಕೋಕಾಗದೆ ಕೈತೊಳೆದುಕೊಂಡವರು ಯಾರೋ ಇದ್ದಾರೆ. ಆ ಬಿಲ್ಲು ಅವರ ಹೆಸರಿಗೆ ಬರಲೇ ಇಲ್ಲ.

ಆ ಕಾನೂನಿನಲ್ಲಿ ಒಂದು ಅಂಶ ಮಾತ್ರ ನನಗೆ ತುಂಬ ಹಿಡಿಸ್ತು. ಇರೋದನ್ನ ಕೊನೆವರೆಗೂ ನೋಡ್ಕೋ, ಹೊಸದನ್ನ ತರಬೇಡ. ಸಾಲ ತೀರಿಸು, ಮತ್ತೆ ಸಾಲ ಮಾಡಬೇಡ. ಇಗ್ವಾನಾಕ್ಕೆ ಒಳ್ಳೆ ಮನೆ ಕಟ್ಟೋದು ಮತ್ತು ಇಗ್ವಾನಾ ಸಾಕೋದು ಒಳ್ಳೇದಲ್ಲ ಅನ್ನೋದು, ಇವೆರಡನ್ನೂ ಒಬ್ಬನೇ ಮನುಷ್ಯ ಒಟ್ಟಿಗೆ ನಂಬಬಹುದು. ನಮ್ಮ ಸಹೋದ್ಯೋಗಿ ನಂಬ್ತಾರೆ.

ನಾನು ಹಳ್ಳಿಯವನು, ಮನೆಯ ಹಿಂದೇ ಕೊಟ್ಟಿಗೆ ಇತ್ತು. ಅದೂ ಒಂಥರಾ ಕೂಡಿಹಾಕೋದೇ ಅಲ್ವಾ ಅಂತ ನನ್ನನ್ನ ನಾನೇ ಕೇಳ್ಕೊಂಡೆ. ಹಳ್ಳಿಯನ್ನ ಹೊಗಳೋಕೆ ಹೊರಟಿಲ್ಲ. ಹಾಲು ಬತ್ತಿದ ಎಮ್ಮೆ, ಗಂಡು ಕರು ಎಲ್ಲಿಗೆ ಹೋಗ್ತವೆ ಅಂತ ಎಲ್ಲರಿಗೂ ಗೊತ್ತು. ಆದರೂ ಎರಡು ವ್ಯತ್ಯಾಸ ಇವೆ. ಸಾವಿರಾರು ವರ್ಷ ಮನುಷ್ಯರ ಜೊತೆ ಒಗ್ಗಿಹೋದ ದನ ಸಂಜೆ ತಾನಾಗೇ ಮನೆಗೆ ಬರುತ್ತೆ. ಇಗ್ವಾನಾ ಇನ್ನೂ ಕಾಡುಪ್ರಾಣಿಯೇ. ಎರಡನೇದು ನನಗೆ ಇನ್ನೂ ಮುಖ್ಯ ಅನ್ಸಿದ್ದು. ಮದುವೆಗೋ ತಿಥಿಗೋ ಊರಿಗೆ ಹೋಗಬೇಕಾದರೆ ಅವ್ವ ಪಕ್ಕದ ಮನೆಯವರಿಗೆ ‘ದನ ನೋಡ್ಕೊಳ್ರವ್ವ’ ಅಂತ ಒಂದು ಮಾತು ಹೇಳಿದರೆ ಮುಗೀತು. ಹುಲ್ಲು ಎಷ್ಟು, ನೀರು ಯಾವಾಗ, ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು ಅಂತ ಇಡೀ ಕೇರಿಗೆ ಗೊತ್ತು. ದನದ ಸುತ್ತ ಗೋಡೆಗಿಂತ ದೊಡ್ಡದಾಗಿ ಆ ತಿಳಿವಳಿಕೆ ಇತ್ತು. ನಮ್ಮ ಫೀಲ್ಡಲ್ಲಿ ‘ಬಸ್ ಫ್ಯಾಕ್ಟರ್’ ಅಂತೀವಲ್ಲ, ಎಷ್ಟು ಜನಕ್ಕೆ ಬಸ್ಸು ಗುದ್ದಿದರೆ ಪ್ರಾಜೆಕ್ಟ್ ನಿಂತುಹೋಗುತ್ತೆ ಅನ್ನೋ ಲೆಕ್ಕ, ಕೇರಿಯ ದನಕ್ಕೆ ಅದು ಹತ್ತೋ ಇಪ್ಪತ್ತೋ. ಆ ಇಗ್ವಾನಾಗಳಿಗೆ ಒಂದು. ಅವರು ಆಸ್ಪತ್ರೆ ಸೇರಿದರೆ, ಕೆಲಸ ಹೋಗಿ ಮನೆ ಮಾರಬೇಕಾಗಿ ಬಂದರೆ, ಜನವರಿಯ ರಾತ್ರಿ ಆ ಅಲಾರಂ ಯಾರ ಫೋನಿಗೆ ಬರುತ್ತೆ? ಪರ್ಮಿಟ್ ಇಲ್ಲದವರಿಗೆ ಕೊಡೋ ಹಾಗೂ ಇಲ್ಲ. ಇದನ್ನ ಅವರಿಗೇ ಕೇಳಿದೆ. ಪ್ಲ್ಯಾನಿನ ಕೊನೇ ಪುಟ ಇನ್ನೂ ಖಾಲಿ ಇದೆ ಅಂದರು.

ಇದೆಲ್ಲ ಅಮೆರಿಕದ ಕಥೆ, ನಮಗ್ಯಾಕೆ ಅನ್ನೋ ಹಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇಗ್ವಾನಾ ಇವೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿ 15–16 ಡಿಗ್ರಿ ಮಾಮೂಲು. ಅದರಿಂದ ತಕ್ಷಣ ಸಾಯಲ್ಲ, ಆದರೆ ಹೊಟ್ಟೆಯ ಸೊಪ್ಪು ಜೀರ್ಣ ಆಗೋಕೆ ಅದು ಸಾಲದು. ಬಿಸಿಲು ಬರುತ್ತೆ ಅಂತ ಗಾಜು ಹಾಕಿಸಿದ ಬಾಲ್ಕನಿಯಲ್ಲಿ ಇಟ್ಟರೆ, ಮೂಳೆಗೆ ಬೇಕಾದ ಅತಿನೇರಳೆ ಕಿರಣವನ್ನ ಗಾಜು ತಡೆದುಬಿಡುತ್ತೆ. ಬಾಡಿಗೆ ಅಗ್ರಿಮೆಂಟ್ ಹನ್ನೊಂದು ತಿಂಗಳು, ನೋಟಿಸ್ ಪೀರಿಯಡ್ ಎರಡು ಮೂರು ತಿಂಗಳು, ಇದರ ಆಯಸ್ಸು ಒಂದೂವರೆ ದಶಕ. ಕಾನೂನೂ ಬಂದಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಅದಕ್ಕೂ ಮುಂಚಿನ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ, ಓಡಾಡೋಕೆ ಸಾಲದಷ್ಟು ಚಿಕ್ಕ ಪಂಜರದಲ್ಲಿ ಪ್ರಾಣಿ ಇಡೋದು ಅಪರಾಧ ಅಂತ ಇದೆ. ಎತ್ತರ, ಉದ್ದ, ಅಗಲ ಅಂತ ಬಿಡಿಸಿ ಹೇಳಿದೆ.

ನಾವೂ ಟೆಕ್ ಪಾರ್ಕಿನ ಗಾಜಿನ ಪಂಜರದಲ್ಲೇ ಇದೀವಲ್ಲ ಗುರು ಅಂತ ಗೆಳೆಯರು ತಮಾಷೆ ಮಾಡ್ತಾರೆ. ನಾವು ರಿಸೈನ್ ಮಾಡಬಹುದು. ಚಳಿಯಾದರೆ ಎಸಿ ಕಮ್ಮಿ ಮಾಡಿ ಅಂತ ಅಡ್ಮಿನ್‌ಗೆ ಮೇಲ್ ಹಾಕಬಹುದು.

ಯಾರಾದರೂ ಇಗ್ವಾನಾ ಮರಿ ತರಬೇಕು ಅಂತಿದೀನಿ, ಏನಂತೀಯ ಅಂತ ಕೇಳಿದರೆ ನಾನು ಬೇಡ ಅಂತೀನಿ. ಈಗಾಗಲೇ ತಂದಾಗಿದೆ ಅಂದರೆ ಬೈಯೋಕೆ ಹೋಗಲ್ಲ, ಬಿಟ್ಟುಬಾ ಅಂತಂತೂ ಹೇಳಲ್ಲ. ಒಂದು ಹಾಳೆ ತಗೊಂಡು ಪ್ಲ್ಯಾನ್ ಬರಿ ಅಂತೀನಿ. ಎತ್ತರ, ಬಿಸಿಲು, ನೆರಳು, ಮಣ್ಣಿನ ತೊಟ್ಟಿ, ಚಳಿ ರಾತ್ರಿಯ ಹೀಟರು. ಅದೆಲ್ಲ ಆದ ಮೇಲೆ ಕೊನೇ ಪುಟಕ್ಕೆ ಎರಡನೇ ಹೆಸರೊಂದನ್ನ ಹುಡುಕು, ನೀನಿಲ್ಲದ ದಿನ ಅದಕ್ಕೆ ದಾಸವಾಳದ ಎಲೆ ತಂದು ಹಾಕೋರದ್ದು.